ಹನ್ನೊಂದು ಸೆಕೆಂಡು

ಗೇಟಿನ ಡ್ಯೂಟಿ ಮುಗಿಸಿ, ಕುಂಸಿಯ ಕ್ವಾರ್ಟರ್ಸಿನಲ್ಲಿ
ಲುಂಗಿ ಸುತ್ತಿ ಮಗಳ ಹಳೇ ಲ್ಯಾಪ್‌ಟಾಪು ತೆರೆದರೆ
ನನಗೊಂದು ಮಹಾನಗರ.
ಆರು ಹಳಿ, ನಲವತ್ತು ಸ್ಟೇಷನ್ನು,
ಎರಡು ನಿಮಿಷಕ್ಕೊಂದು ಲೋಕಲ್ಲು.

ಇಲ್ಲಿ ನನ್ನದು ಒಂದೇ ಹಳಿ.
ತಾಳಗುಪ್ಪದ ಗಾಡಿ ಹೋಗಿ ಮತ್ತೊಂದು ಬರುವಷ್ಟರಲ್ಲಿ
ಗೇಟಿನ ಕಂಬಕ್ಕೆ ಜೇಡ
ಇನ್ನೊಂದು ಬಲೆ ನೇಯ್ದಿರುತ್ತದೆ.

ಅಲ್ಲಿ ಹಾಗಲ್ಲ. ಸ್ಲೋ ಗಾಡಿಯನ್ನು ಲೂಪಿಗೆ ತಳ್ಳಿ
ಫಾಸ್ಟಿಗೆ ದಾರಿ ಬಿಡಬೇಕು,
ಶೆಡ್ಡಿನಿಂದ ಖಾಲಿ ರೇಕು ಎಳೆದು ತರಬೇಕು.
ಒಂದು ಗಾಡಿ ಕೆಮ್ಮಿದರೆ ಹಿಂದಿನ ಹದಿನಾರಕ್ಕೂ ನೆಗಡಿ.
ಪ್ರಯಾಣಿಕರೆಂದರೆ ಚುಕ್ಕಿಗಳು, ರಾಗಿ ಚೆಲ್ಲಿದ ಹಾಗೆ.

ನಿನ್ನೆ ಸಂಜೆಯ ರಶ್ಶಿನಲ್ಲಿ
ಎಲ್ಲ ಚುಕ್ಕಿ ಹತ್ತಿದ ಮೇಲೂ
ಮೆಟ್ಟಿಲಿಳಿದು ಒಂದು ಬರುತ್ತಿತ್ತು, ತಡೆದು ತಡೆದು,
ಎಡಗಾಲು ಎಳೆದ ಹಾಗೆ.
ಆಟ ಕಟ್ಟಿದವನಿಗೆ ಆ ಕಾಲು ಗೊತ್ತಿರಲಿಕ್ಕಿಲ್ಲ.
ನನಗೆ ಗೊತ್ತು: ಮೀನು ಬುಟ್ಟಿಯ ಜುಲೇಖಾಬಿ.

ಮೊನ್ನೆ ಗೇಟು ಹಾಕಿಯಾಗಿತ್ತು,
ಸ್ಟೇಷನ್ನಿಗೆ ನಂಬರು ಕೊಟ್ಟಾಗಿತ್ತು.
"ಅಣ್ಣಾ, ಒಂಚೂರು ಎತ್ತು, ಆಚೆ ಬಸ್ಸು ನಿಂತದೆ" ಅಂದಳು.
ಬುಟ್ಟಿ ಹೊತ್ತವಳು ಬಗ್ಗಿ ನುಸುಳುವುದು ಹೇಗೆ?
ನಾನು ಆಕಾಶ ನೋಡಿದೆ.
ಗಾಡಿ ಬಂತು, ಹೋಯಿತು. ಬಸ್ಸೂ.
ರೂಲು ರೂಲೇ. ಇವತ್ತು ಕೇಳಿದರೂ ಎತ್ತುವುದಿಲ್ಲ.

ಆದರೆ ಆ ಲೋಕಲ್ಲನ್ನು ಹಿಡಿದು ನಿಲ್ಲಿಸಿದೆ
ಹನ್ನೊಂದು ಸೆಕೆಂಡು.
ಅಷ್ಟಕ್ಕೇ ನಗರವಿಡೀ ಕೆಂಪು,
ಸೇತುವೆ ಮೇಲೆ ಏಳು ಗಾಡಿ, ಸುರಂಗದಲ್ಲಿ ಮೂರು.
ತೆರೆಯ ಮೇಲೆ ಬಂತು:
ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ.

"ಅಪ್ಪಾ, ಅದು ಬರೀ ಚುಕ್ಕಿ!" ಮಗಳು ನಕ್ಕಳು.
ಹೌದು ಮಾರಾಯ್ತಿ, ಅಂದೆ.
ಹೊಸ ಆಟ ಶುರು ಮಾಡಿ, ಅದೇ ಸ್ಟೇಷನ್ನಿನ
ಮೆಟ್ಟಿಲ ಕಡೆ ಕಣ್ಣಿಟ್ಟು ಕೂತೆ.