ಆನೆಗೆ ಹಾಫ್ ಟಿಕೆಟ್

ರಿಜಿಸ್ಟರಿನ ಏಳನೇ ಕಾಲಂ ಒಂದೂವರೆ ಇಂಚು ಅಗಲ.
ಮೇಲೆ ಅಚ್ಚಾಗಿದೆ: ಮಕ್ಕಳು ಇಂದು ಕಲಿತದ್ದು.
ಬೊಮ್ಮನಕಟ್ಟೆಯ ಈ ಅಂಗನವಾಡಿಗೆ ಬಂದು
ಹನ್ನೊಂದು ವರ್ಷ.
ಬಣ್ಣಗಳು, ಹಣ್ಣುಗಳು, ಒಂದರಿಂದ ಹತ್ತು
ಎಂದು ಬರೆದು ಬರೆದು
ಪೆನ್ನಿಗೇ ಬಾಯಿಪಾಠವಾಗಿದೆ.

ಇವತ್ತು ಬರೆಯಲಾಗದೆ ಕೂತಿದ್ದೇನೆ.

ಬೆಳಿಗ್ಗೆ ಹತ್ತೂಕಾಲಕ್ಕೆ
ಚಾಪೆ ಬಸ್ಸಾಯಿತು.
ಯಾರು ಶುರುಮಾಡಿದ್ದೋ, ನಾನಂತೂ ಅಲ್ಲ;
ನಾನು ಮೊಟ್ಟೆಯ ಲೆಕ್ಕದಲ್ಲಿದ್ದೆ.
ಲಿಲ್ಲಿಬಾಯಿಯ ಪಾತ್ರೆ ಮುಚ್ಚಳ ಸ್ಟೇರಿಂಗು,
ಅದರ ಹಿಂದೆ ಚಿನ್ಮಯಿ, ಮೂರೂಮುಕ್ಕಾಲು ವರ್ಷ.
ತುಟಿ ನಡುಗಿಸಿದರೆ ಇಂಜಿನ್ನು,
ಜೊಲ್ಲೇ ಡೀಸೆಲ್ಲು.

ಕಂಡಕ್ಟರು ಲೋಹಿತ.
ಜೂನ್‌ನಿಂದ ದೀಪಾವಳಿ ತನಕ
ನಮ್ಮ ಹತ್ತಿರ ಒಂದು ಮಾತಾಡದವನು,
ಹೆಸರು ಕೇಳಿದರೆ ಅಂಗಿಯ ಗುಂಡಿ ಚೀಪುವವನು.
ಅವನಿಂದ ಒಂದು 'ಅ' ಹೊರಡಿಸಲು
ಬಾಯಿ ತೆರೆದು ತೆರೆದು
ನನ್ನ ದವಡೆ ನೊಂದಿತ್ತು.

ಅವನು ಕೂಗಿದ:
"ಗಾಜನೂರ್, ಸಕ್ರೆಬೈಲ್, ಮಂಡಗದ್ದೆ, ತೀರ್ಥಳ್ಳೀ!
ಒಳಗ್ ಹೋಗಿ, ಒಳಗ್ ಹೋಗಿ, ಖಾಲಿ ಐತೆ!"

ಮೊಟ್ಟೆಯ ಲೆಕ್ಕ ತಪ್ಪಿತು.
ಲಿಲ್ಲಿಬಾಯಿ ಸೌಟು ಹಿಡಿದು ಹಾಗೇ ನಿಂತಳು.
ನಾವಿಬ್ಬರೂ ಅತ್ತ ತಿರುಗಲಿಲ್ಲ,
ತಿರುಗಿದರೆ ಬಸ್ಸು ಮತ್ತೆ
ಚಾಪೆಯಾಗಿಬಿಟ್ಟೀತೆಂದು.

ಟಿಕೆಟ್ಟು ಹೊಂಗೆಯ ಎಲೆ.
ಎಲೆ ಐದು, ಜನ ಏಳು.
ನಿಂತ. ಯೋಚಿಸಿದ. ಎರಡು ಎಲೆ ಹರಿದ.
ನಾನು ಭಾಗಾಕಾರ ಕಲಿತದ್ದು ನಾಲ್ಕನೇ ಕ್ಲಾಸಿನಲ್ಲಿ,
ಗೆಣ್ಣಿಗೆ ಬಿದ್ದ ಸ್ಕೇಲಿನಿಂದ.

ಸಕ್ರೆಬೈಲಿನಲ್ಲಿ ಆನೆ ಹತ್ತಿತು.
ಆನೆ ಅಂದರೆ ಸನಾ, ತೋಳನ್ನೇ ಸೊಂಡಿಲು ಮಾಡಿಕೊಂಡವಳು.
ದಪ್ಪ ಇದೆ, ಫುಲ್ ಟಿಕೆಟ್ಟು ಅಂದಳು ಚಿನ್ಮಯಿ.
ನಾನಿನ್ನೂ ಸ್ಕೂಲಿಗೇ ಹೋಗಲ್ಲ, ಹಾಫು ಅಂದಿತು ಆನೆ.
ಸೊಂಡಿಲಿನ ಏಟು ಬಿತ್ತು.
ಡ್ರೈವರು ಅತ್ತಳು, ಬಸ್ಸು ನಿಂತಿತು.
ನಾನು ಏಳುವಷ್ಟರಲ್ಲಿ ಲೋಹಿತ,
"ಅದಕ್ಕೆ ಹಸಿವಾಗೈತೆ, ಅದ್ಕೇ ಹೊಡೀತು."
ಚಿನ್ಮಯಿ ಮೂಗೊರೆಸಿಕೊಂಡು
ಜೇಬಿನಿಂದ ಹುಲ್ಲು ತೆಗೆದು ಕೊಟ್ಟಳು.
ಅವಳ ಲಂಗಕ್ಕೆ ಜೇಬೇ ಇಲ್ಲ.
ಆನೆ ತುಂಬ ಹೊತ್ತು ಅಗಿಯಿತು.

ಹನ್ನೆರಡೂವರೆಗೆ ಅವನಪ್ಪ ಬಂದ, ಹಾಲೇಶಪ್ಪ,
ಮಂಡಿಯಲ್ಲಿ ಮೂಟೆ ಹೊರುವವನು,
ರೆಪ್ಪೆಯ ಮೇಲೂ ಹೊಟ್ಟಿನ ಧೂಳು.
"ಎದುರುಮನೆ ಹುಡುಗಿ ಎಬಿಸಿಡಿ ಪೂರ್ತಿ ಹೇಳುತ್ತೆ ಮೇಡಂ.
ನಮ್ಮದು ಬರೀ ಆಟ.
ಬರೋ ತಿಂಗಳಿಂದ ಕಾನ್ವೆಂಟಿಗೆ"

ಎನ್ನುವಾಗ ಅವನ ಮೊಣಕಾಲ ಹತ್ತಿರ ಕಂಡಕ್ಟರು:
"ಎಲ್ಲಿಗೆ?"

ಹಾಲೇಶಪ್ಪ ನನ್ನ ಮುಖ ನೋಡಿದ.
ನಾನು ರಿಜಿಸ್ಟರು ನೋಡಿದೆ.

"ಎಲ್ಲಿಗ್ ರೀ? ಬೇಗ ಹೇಳಿ, ಹಿಂದೆ ಜನ ಅವ್ರೆ."

ಚಪ್ಪಲಿ ಬಿಟ್ಟ.
ತಲೆ ಬಗ್ಗಿಸಿ ಚಾಪೆ ಹತ್ತಿದ.
ಬಾಗಿಲು ಗಿಡ್ಡವೆಂದು
ಅವನಿಗೆ ಯಾರು ಹೇಳಿದರೋ.
"ಮಂಡಗದ್ದೆ, ಒಂದು" ಅಂದ, ಮೆಲ್ಲಗೆ.
ಉಳಿದಿದ್ದ ಅರ್ಧ ಎಲೆ ಸಿಕ್ಕಿತು.
"ಚಿಲ್ಲರೆ ಇಲ್ಲ, ಇಳಿವಾಗ ಕೇಳಿ."

ಕಾನ್ವೆಂಟಿನ ಮಾತನ್ನು ಅವನು
ವಾಪಸು ತೆಗೆದುಕೊಳ್ಳಲಿಲ್ಲ.
ಹೋಗುವಾಗ ಎಲೆಯನ್ನು ಬಿಸಾಡಲೂ ಇಲ್ಲ,
ಅಂಗಿಯ ಜೇಬಿಗೆ, ಬೀಡಿಕಟ್ಟಿನ ಪಕ್ಕ ಇಟ್ಟುಕೊಂಡ.

ಈಗ ಎರಡು ಗಂಟೆ.
ಏಳನೇ ಕಾಲಮಿನಲ್ಲಿ ಬರೆದಿದ್ದೇನೆ: ಎಲೆಗಳು.
ಸಸ್ಯದ ಭಾಗಗಳು ಎಂದುಕೊಳ್ಳಲಿ ಸೂಪರ್‌ವೈಸರು.

ಚಾಪೆ ಸುತ್ತಲು ಬಗ್ಗಿದ ಲಿಲ್ಲಿಬಾಯಿ
ಅಂಚು ಹಿಡಿದೇ ಕೇಳುತ್ತಾಳೆ,
"ಎಲ್ಲರೂ ಇಳಿದರಾ?"