ದೀಪ ಇಳಿಸಿ ನೋಡಿದಿಯೇನಪಾ

ತಲೆಗೆ ನಾನೂರೈವತ್ತು, ಊಟ ಸೇರಿ.
ಬ್ಯಾಂಕಿನವರೆಲ್ಲ ಗಂಡ ಹೆಂಡತಿ ಮಕ್ಕಳೊಂದಿಗೆ ಹೊರಟರು,
ನಾನು ಅತ್ತೆಯೊಂದಿಗೆ.
ಬರ್ತೀರೇನು ಅಂದದ್ದು ಬಾಯಿಮಾತಿಗೆ.
ಆಕೆ ನಸುಕಿನಲ್ಲೇ ಇಳಕಲ್ ಸೀರೆ ಉಟ್ಟು
ಎಲೆಯಡಿಕೆ ಚೀಲ ಸಿಗಿಸಿಕೊಂಡು
ಕಟ್ಟೆಯ ಮೇಲೆ ತಯಾರು ಕುಳಿತಿದ್ದಳು.

ಕುಕನೂರು ದಾಟಿದರೆ ಎರೆಹೊಲ,
ಕಡಲೆ ಗಿಡಕ್ಕೆ ಹುಳಿ ಇಳಿಯುವ ಕಾಲ.
ಗೇಟಿನಲ್ಲಿ ಯಮನೂರಪ್ಪ,
ತಲೆಗೆ ಬಲೆಟೊಪ್ಪಿಗೆ, ಮೊಣಕಾಲುದ್ದ ಬೂಟು.
‘ನಮ್ಮಪ್ಪ ಆಡು ಕಾದಾ, ನಾನು ಹಾಲು ಕಾಯಿಸ್ತೀನ್ರಿ’
ಎಂದು ದಿನಕ್ಕೆರಡು ಸಲ ಹೇಳುವುದನ್ನು ಹೇಳಿದ. ನಕ್ಕೆವು.
ಒಂದು ಹೋತ ಮ್ಯಾನೇಜರರ ಚೀಟಿ ತಿಂದಿತು.
ಇನ್ನೂ ನಕ್ಕೆವು.

ಸ್ಟೀಲಿನ ತೊಟ್ಟಿಯಲ್ಲಿ ಹಾಲು.
‘ಈಗ ನೋಡ್ರಿ, ಒಡೀತೈತಿ’ ಅಂದ,
ಮಗು ಮೊದಲ ಹೆಜ್ಜೆ ಇಡುವುದನ್ನು ತೋರಿಸುವವನ ಹಾಗೆ.
ನಮ್ಮ ಮನೆಯಲ್ಲಿ ಹಾಲು ಒಡೆದ ದಿನ
ಪಾತ್ರೆಗಿಂತ ಮೊದಲು ನನ್ನ ಮುಖ ನೋಡುವ ಅತ್ತೆ
ಇಲ್ಲಿ ತೊಟ್ಟಿಯನ್ನಷ್ಟೇ ನೋಡಿದಳು.
ಇವನು ಬೇಕೆಂದೇ ಒಡೆಯುತ್ತಾನೆ,
ಒಡೆದದ್ದನ್ನು ಕೊಯ್ದು, ಹಿಂಡಿ, ಉಪ್ಪು ತಿಕ್ಕಿ
ಮಲಗಿಸುತ್ತಾನೆ.
‘ಮತ್ತ ಎಬ್ಬಸೂದು ಯಾವಾಗ?’
‘ಆರು ತಿಂಗಳಿಗವ್ವಾ.’

ಮಲಗಿಸುವ ಜಾಗ ಹಿತ್ತಲಲ್ಲಿತ್ತು.
ಚಪ್ಪಡಿ ಸರಿಸಿದ ದುಂಡನೆ ಬಾಯಿ,
ಪಕ್ಕಕ್ಕೆ ಹೊಸದಾಗಿ ಕಡಿದ ಮೆಟ್ಟಿಲು, ಒಂದು ವೈರು.
‘ಇದು ನಮ್ಮ ನೆಲಮಾಳಿಗೆ’ ಎಂದು ಅವನು ಶುರುಮಾಡುವಷ್ಟರಲ್ಲಿ
‘ಹಗೇವು’ ಅಂದಳು ಅತ್ತೆ.
ಬಾಗಿ, ಮೂಗು ಮುಂದೆ ಮಾಡಿ:
‘ದೀಪಾ ಇಳಿಸಿ ನೋಡಿದಿಯೇನಪಾ?’
‘ಬಲ್ಬ್ ಐತಲ್ಲವ್ವಾ.’
‘ಬಲ್ಬು ಉಸಿರಾಡೂದಿಲ್ಲೋ.’

ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು.
‘ಒಂಬತ್ತು ವರ್ಷದಾಕಿ. ಗೌಡರ ಹಗೇವು.
ನಡಕ್ಕ ಹಗ್ಗ. ಮೊದಲ ಕಂದೀಲು ಇಳಸೂದು.
ಅದು ಆರಿದ್ರ ಸಂಜಿತನಕ ಬಾಯಿ ತೆರದು ಬಿಡೂದು.
ಆರಲಿಲ್ಲಂದ್ರ, ನಾನು.
ನಿಂಗಿನ್ನ ಇಳಿಸಿದ ದಿನ
ಕಂದೀಲದಾಗ ಎಣ್ಣಿ ಇದ್ದಿದ್ದಿಲ್ಲ.’
ಅಷ್ಟೇ. ಸೀರೆ ತುಸು ಎತ್ತಿ ಹಿಡಿದು
ಎಲ್ಲರಿಗಿಂತ ಮೊದಲು ತಾನೇ ಇಳಿದಳು.

ಒಳಗೆ ಹಲಗೆಯ ಮೇಲೆ ಹಲಗೆ,
ಬೂದು ತುಪ್ಪಳ ಬೆಳೆಸಿಕೊಂಡು ಗಾಲಿಗಳಂತೆ ಚೀಸು.
ತೆಳ್ಳಗೆ ಕೊಯ್ದು ಕೈಗಿಟ್ಟ. ಕಣ್ಣು ಮುಚ್ಚಿ ಹೇಳಿ ಅಂದ.
ಹುರಿದ ಶೇಂಗಾ, ಅಂದರು ಕ್ಯಾಷಿಯರ್.
ಅಣಬೆ, ಅಂದಳು ಅವರ ಮಗಳು.
ನನಗೆ ಬರೀ ಆಡು.
ಅತ್ತೆ ಹೊತ್ತು ಹಿಡಿದಳು. ‘ತಳದ ಜ್ವಾಳ’ ಅಂದಳು.

ಮೇಲಿನದು ಗೌಡರ ಮನೆಗೆ, ನಡುವಿನದು ಪ್ಯಾಟಿಗೆ,
ಗೋಡೆಗಂಟಿ ಮುಗ್ಗಿದ ತಳದ್ದು
ಕೂಲಿ ಹೆಣ್ಣುಮಕ್ಕಳ ಉಡಿಗೆ.
ರೊಟ್ಟಿ ಬಡಿದರೆ ಇದೇ ವಾಸನೆ, ಮಗ್ಗಲ ಮನೆಗೂ ಗೊತ್ತಾಗುತ್ತಿತ್ತಂತೆ.
‘ನಾವು ಇದಕ್ಕ ರೊಕ್ಕ ಕೊಟ್ಟಿದ್ದಿಲ್ಲಪಾ’
ಎಂದವಳೇ ಇನ್ನೊಂದು ಹೋಳಿಗೆ ಕೈ ಚಾಚಿದಳು.
ಚಲೋ ಐತಿ, ಅಂದಳು. ಹಂಗಿಸಿ ಅಂದದ್ದಲ್ಲ.

ಊಟಕ್ಕೆ ಬೇವಿನ ಕೆಳಗೆ ಚಾಪೆ.
ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಕೆಂಪು ರಂಜಕ,
ತಾಟಿನ ಅಂಚಿಗೆ ದಿಕ್ಕುತಪ್ಪಿದ ನೆಂಟನಂತೆ ಚೀಸು.
ಹೇಗೆ ತಿನ್ನುವುದೆಂದು ನಾವು ಮುಖ ಮುಖ ನೋಡುವಾಗ
ಅತ್ತೆ ಅದನ್ನು ರೊಟ್ಟಿಯ ಬಿಸಿಗೆ ಒತ್ತಿ, ರಂಜಕ ಸವರಿ, ಮಡಚಿ
ಅರ್ಧ ಮುರಿದು ನನ್ನ ತಾಟಿಗೆ ಹಾಕಿದಳು.
‘ಉಪ್ಪು ನೋಡು.’
ಯಮನೂರಪ್ಪ ನಿಂತೇ ನೋಡಿದ, ಒಳಗೆ ಹೋಗಿ
ತಾನೂ ಒಂದು ರೊಟ್ಟಿ ತಂದ.

ಬಸ್ಸು ತಿರುಗುವಾಗ ಕಿಟಕಿಗೆ ಓಡಿಬಂದ,
ಟೊಪ್ಪಿಗೆ ಕೈಯಲ್ಲಿತ್ತು.
‘ಅವ್ವಾ, ಕಂದೀಲಕ್ಕ ಯಾವ ಎಣ್ಣಿ?’
‘ಯಾವುದಾದ್ರೂ ನಡೀತೈತಿ. ಇರಬೇಕು, ಅಷ್ಟ.’

ಹದಿನಾರು ವರ್ಷದಿಂದ ಒಂದೇ ಒಲೆಯ ಮುಂದೆ ಇದ್ದೇವೆ.
ನಿಂಗಿ ಯಾರೆಂದು ಕೇಳಬೇಕೆಂದುಕೊಂಡೆ.
ತಳಕಲ್ ಬರುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು,
ಎಲೆಯಡಿಕೆ ಚೀಲದೊಳಗೆ
ಕಾಗದದಲ್ಲಿ ಸುತ್ತಿದ ಒಂದು ಹೋಳು
ಇಡೀ ಬಸ್ಸಿಗೆ ನಾರುತ್ತಿತ್ತು.