ಅರ್ಧ ಇಂಚು ಸಡಿಲ

ಬಂದ್ಯೋಡು ಪೇಟೆಯಲ್ಲಿ ಮೀನಂಗಡಿಯ ಮೇಲೆ
ಹತ್ತೊಂಬತ್ತು ಮೆಟ್ಟಿಲು ಹತ್ತಿದರೆ ನನ್ನ ಹೊಲಿಗೆಯ ಕೋಣೆ.
ಬೋರ್ಡು ಎರಡು ಲಿಪಿಯಲ್ಲಿ, ಚೌಕಾಸಿ ನಾಲ್ಕು ಭಾಷೆಯಲ್ಲಿ,
ಟೇಪು ಮಾತ್ರ ಒಂದೇ,
ಹನ್ನೊಂದನೇ ಇಂಚು ಉಜ್ಜಿ ಉಜ್ಜಿ ಅಳಿಸಿಹೋದದ್ದು.

ಇಪ್ಪತ್ತಾರು ವರ್ಷದ ಅಳತೆ ಪುಸ್ತಕ ಉಂಟು ನನ್ನಲ್ಲಿ.
ಎದೆ, ಸೊಂಟ, ತೋಳು, ಕೊರಳ ಇಳಿತ.
ಹೆಸರು ಬರೆಯುವುದಿಲ್ಲ. ಬಟ್ಟೆಯದೊಂದು ಚೂರು
ಗುಂಡುಸೂಜಿಯಲ್ಲಿ ಚುಚ್ಚಿಟ್ಟರೆ ನನಗೆ ಗುರುತಾಯಿತು.
ಯಾರ ಸೊಂಟ ಗಂಡನಿಗಿಂತ ಮೊದಲು ನನಗೆ ಹೇಳಿತು,
ಯಾರ ಬೆನ್ನಿನಲ್ಲಿ ಬೆಲ್ಟಿನ ಬರೆ,
ಮದುವೆಗೆ ಹದಿನೈದು ದಿನ ಇರುವಾಗ
ಯಾವ ಹುಡುಗಿ ಎರಡು ಇಂಚು ಕರಗಿದಳು,
ಟೇಪಿಗೆ ಗೊತ್ತು, ನನಗೆ ಗೊತ್ತು,
ಮೆಟ್ಟಿಲ ಮೇಲೆ ಮಲಗುವ ಬೆಕ್ಕಿಗೂ ಗೊತ್ತಿಲ್ಲ.

ಒಂದು ರಾತ್ರಿ ಮೀಯುವಾಗ ಕೈಗೆ ಸಿಕ್ಕಿತು
ಎಡಗಡೆ, ಕಡಲೆಯಷ್ಟು.
ಯಾರನ್ನು ಕೇಳುವುದು? ಫೋನನ್ನು ಕೇಳಿದೆ.
ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ,
ಉತ್ತರ ಬೇರೆ ಇದ್ದೀತೋ ಎಂದು.

ಬೆಳಿಗ್ಗೆ ಮಂಗಳೂರಿನ ಆಸ್ಪತ್ರೆ ನಗುತ್ತ ನಿಂತಿತ್ತು,
ಮಧ್ಯಾಹ್ನ ವಿಮೆಯವನು,
ಸಂಜೆಗೆ ವಿಗ್ಗು, ಮೂರು ಬಣ್ಣದಲ್ಲಿ.
ನನ್ನ ಫೋನಿನಲ್ಲಿ ಸೆವೆನ್ಸ್ ಫುಟ್‌ಬಾಲ್ ನೋಡುತ್ತಿದ್ದ ಅಣ್ಣನ ಮಗ
"ಅತ್ತೆ, ನಿಮಗೆ ಯಾಕೆ ಇದೇ ಬರುವುದು?" ಎಂದ.
ಸೂಜಿ ಉಗುರಿಗೆ ಹೊಕ್ಕಿತು.

ನಾನು ಬಾಯಿ ಬಿಟ್ಟವಳಲ್ಲ.
ಹಾಗಾದರೆ ನನ್ನ ಅಳತೆ ತೆಗೆದದ್ದು ಯಾರು?
ಟೇಪು ಮೈಗೆ ತಾಗಿದ ನೆನಪೇ ಇಲ್ಲ.

ಚೂಡಿದಾರಕ್ಕೆ ಜೇಬು ಇಡಿಸಲು ಬರುತ್ತಾಳೆ ಮಿಸ್ರಿಯಾ,
ಕಾಸರಗೋಡಿನಲ್ಲಿ ಕಂಪ್ಯೂಟರ್ ಕಲಿಯುವವಳು.
ಕತ್ತರಿ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದಳು:
ಈ ಪಿನ್‌ಕೋಡಿನ ಹೆಂಗಸರು ಹನ್ನೊಂದು ಸಾವಿರ ಅಂತಿಟ್ಟುಕೊಳ್ಳಿ.
ಕನ್ನಡದಲ್ಲಿ ಟೈಪು ಮಾಡುವವರು ಮೂರು ಸಾವಿರ.
ಅದರಲ್ಲಿ ರಾತ್ರಿ ಮಲಯಾಳ ಧಾರಾವಾಹಿ, ನಾನೂರು.
ನೂಲಿನ ರೀಲು ಸಗಟಿನಲ್ಲಿ ತರಿಸುವವರು ಒಂಬತ್ತು.
ಪ್ರಾಯ ಐವತ್ತೊಂದು, ಮದುವೆ ಇಲ್ಲ, ಇನ್ನು
ಆ ರಾತ್ರಿ ಹುಡುಕಿದ್ದು ಎಂತ ಅಕ್ಕಾ?
ಹೇಳಿದೆ.
ಅವಳು ಬರೆಯಲಿಲ್ಲ. ಸುಣ್ಣದ ತುಂಡು ಬೆರಳಲ್ಲೇ ಪುಡಿಯಾಯಿತು.

"ಅವರಿಗೆ ಹೆಸರು ಬೇಡ. ನಿಮ್ಮ ಹಾಗೆ ಎಷ್ಟು ಜನ
ಎನ್ನುವುದೇ ಅಳತೆ. ನೂರಿದ್ದರೆ ನೀವು ಸಂತೆಯಲ್ಲಿ.
ಒಬ್ಬಳೇ ಆದರೆ ಬಟ್ಟೆ ಬದಲಿಸುವ ಕೋಣೆ,
ಅದಕ್ಕೆ ಬಾಗಿಲಿಲ್ಲ."

ನನ್ನ ಪುಸ್ತಕದ ನೆನಪಾಗಿ ಎದೆ ಧಸಕ್ಕೆಂದಿತು.
ಹೆಸರಿಲ್ಲದಿದ್ದರೇನು,
ಆ ಕಂದು ಮಖಮಲ್ಲಿನ ಚೂರು ಇಡೀ ಪೇಟೆಗೆ ಒಂದೇ.

ಆದರೂ ಹೇಳಿದೆ, ನೋಡು ಮಾರಾಯ್ತಿ,
ಮೈಗೆ ಅಂಟುವ ರವಕೆ ನಾನು ಹೊಲಿಯುವುದಿಲ್ಲ.
ಮೂವತ್ತಾರು ಬಂದರೆ ಮೂವತ್ತಾರೂವರೆಗೆ ಕತ್ತರಿಸುವುದು.
ಅರ್ಧ ಇಂಚು ಉಸಿರಿಗೆ.

ಅಂದಿನಿಂದ ಫೋನಿಗೂ ಸಡಿಲ ಬಿಡುತ್ತಿದ್ದೇನೆ.
ದೋಣಿ ಎಂಜಿನಿನ ಕ್ರಯ ಕೇಳುತ್ತೇನೆ, ಒಂಟೆಯ ಆಯುಷ್ಯ,
ಲಡಾಖಿನ ಚಳಿ, ಗಡ್ಡಕ್ಕೆ ಹಚ್ಚುವ ಎಣ್ಣೆ.
ಶುಕ್ರವಾರ ಮಿಸ್ರಿಯಾಳ ಉಮ್ಮನ ಫೋನು ನನ್ನಲ್ಲಿ, ನನ್ನದು ಅವರಲ್ಲಿ.
ಅದರಲ್ಲಿ ಅವರು ಎಂತ ಹುಡುಕಿದರು, ನಾನು ಕೇಳಿಲ್ಲ.
ಈಗ ಆಸ್ಪತ್ರೆಯ ಪಕ್ಕ ಟ್ರಾಕ್ಟರು ನಿಲ್ಲುತ್ತದೆ,
ವಿಗ್ಗಿನವಳಿಗೆ ಗಡ್ಡ ಬಂದಿದೆ.
"ಪೂರ್ತಿ ಮುಚ್ಚುವುದಿಲ್ಲ ಅಕ್ಕಾ, ಬೆಳಕು ನುಸುಳುತ್ತದೆ" ಎನ್ನುತ್ತಾಳೆ.
ನುಸುಳಲಿ. ಹೊಲಿಗೆ ಎಂದರೆ ಸಾಲಾಗಿ ತೂತು ತಾನೆ?

ನಾಡಿದ್ದು ಏಳೂವರೆಯ ಬಸ್ಸಿಗೆ ನಾನು ಮಂಗಳೂರಿಗೆ, ಬಡಗಿಗೆ.
ನನ್ನ ಫೋನು ಮಿಸ್ರಿಯಾಳ ಚೀಲದಲ್ಲಿ ತೆಂಕಿಗೆ,
ಕಾಲೇಜಿನಲ್ಲಿ ಹಾಜರಿ ಹಾಕಲು.
ಡಾಕ್ಟರಮ್ಮನ ಕೈಗೆ ಸರಿಯಾದ ಅಳತೆಯನ್ನೇ ಕೊಡುತ್ತೇನೆ,
ಅಲ್ಲಿ ಸಡಿಲ ಬೇಡ.

ಇವತ್ತು ರಾತ್ರಿಗೆ ಒಂದು ಕೆಲಸ ಉಳಿದಿದೆ.
ಪುಸ್ತಕದ ಗುಂಡುಸೂಜಿ ಒಂದೊಂದೇ ಕಿತ್ತು
ಚೂರುಗಳನ್ನೆಲ್ಲ ಒಟ್ಟಿಗೆ ಕಲಸಿ ದಿಂಬಿಗೆ ತುಂಬಬೇಕು,
ಆಸ್ಪತ್ರೆಯ ದಿಂಬು ನನಗೆ ಆಗುವುದಿಲ್ಲ.